ಎದುರುಗಾಳಿಯ ಓಟ

ಗಾಳಿಚೀಲ ಇನ್ನೂ ಪೂರ್ತಿ ಎದ್ದಿರಲಿಲ್ಲ. ಬಾಯಿಯ ಹತ್ತಿರ ಉಬ್ಬಿ, ನಡುವೆ ಮಡಚಿಕೊಂಡು, ಬಾಲ ಕೆಳಗೆ ತೂಗುತ್ತಿತ್ತು. ಬೆಳಿಗ್ಗೆ ಬಂದಾಗಿನಿಂದ ಅದನ್ನು ನೋಡಬಾರದು ಎಂದುಕೊಳ್ಳುತ್ತಲೇ ಐದನೆಯ ಸಲ ಕಿಟಕಿಯತ್ತ ಕತ್ತು ತಿರುಗಿಸಿದ ಅವನಿಗೆ ತನ್ನ ಮೇಲೆಯೇ ರೇಗಿತು. ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬರೀ ಬಟ್ಟೆಯ ಚೀಲ. ಕೆಂಪು ಬಿಳಿ ಪಟ್ಟೆ, ಬಿಸಿಲಿಗೆ ಕೆಂಪು ಹೋಗಿ ಕಂದಾಗಿದೆ, ಒಂದು ಕಡೆ ಹೊಲಿಗೆ ಬಿಟ್ಟಿದೆ. ಅದಕ್ಕೆ ಹೆದರಲು ತನಗೇನಾಗಿದೆ? ಚೀಲದ ಕೆಳಗೆ ಪರೀಕ್ಷೆಯ ರಸ್ತೆ ಎರಡು ಕಿಲೋಮೀಟರ್ ಉದ್ದಕ್ಕೂ ಅಳತೆಪಟ್ಟಿ ಇಟ್ಟು ಗೆರೆ ಎಳೆದಂತೆ ಹೋಗಿ ಬೇಲಿಯ ಹತ್ತಿರ ಮುಗಿಯುತ್ತದೆ. ಬ್ಯಾಟರಿ ಲಾರಿಗಳನ್ನು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಓಡಿಸಿ, ಗಾಳಿ ಎಷ್ಟು ತಿನ್ನುತ್ತದೆ ಎಂದು ಬರೆದುಕೊಳ್ಳುವುದು ಒಂಬತ್ತು ವರ್ಷದಿಂದ ಅವನ ಕೆಲಸ. ಲಾರಿಯ ಮೈಮೇಲೆ ಹೊರಗಿನಿಂದ ಏನೇ ಅಂಟಿಸಿದರೂ ಅದು ಅವನ ಮೇಜಿಗೆ ಬರಬೇಕು. ಗಾಜಿನ ಮೇಲಿನ ಬಿಸಿಲುಮರೆ, ನೆತ್ತಿಯ ಮೇಲೆ ಸಾಲು ದೀಪ, ಜೋಡಿ ಹಾರ್ನು, ಮುಂದಿನ ಕಬ್ಬಿಣದ ಗಾರ್ಡು, ಸಾಮಾನು ಕಟ್ಟುವ ಕ್ಯಾರಿಯರ್, ಪಕ್ಕದ ಏಣಿ. ಡ್ರೈವರುಗಳಿಗೆ ಇವೆಲ್ಲ ಪ್ರಾಣ. ಬೋಳು ಲಾರಿ ಓಡಿಸುವುದೆಂದರೆ ಬರಿಮೈಯಲ್ಲಿ ಮದುವೆಗೆ ಹೋದ ಹಾಗೆ ಎಂದು ಅವರಲ್ಲೊಬ್ಬ ಹೇಳಿದ್ದ. ಆದರೆ ಒಂದೊಂದೂ ಗಾಳಿಗೆ ಅಡ್ಡ ನಿಲ್ಲುತ್ತದೆ, ಒಂದು ಚಾರ್ಜಿಗೆ ಹೋಗುವ ದೂರದಲ್ಲಿ ಒಂದಿಷ್ಟನ್ನು ಕಿತ್ತುಕೊಳ್ಳುತ್ತದೆ. ಎಷ್ಟನ್ನು ಎಂದು ಹೇಳಬೇಕಾದವನು ಅವನು.

ಗಾಳಿ ಹಿಂದಿನಿಂದ ಬಂದರೆ ಲಾರಿಯ ನೆತ್ತಿಗೆ ಮಂಚ ಕಟ್ಟಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಎದುರಿನಿಂದ ಬಂದರೆ ಒಂದು ಕನ್ನಡಿಯೂ ಭಾರ. ಅದಕ್ಕೇ ಪ್ರತಿಯೊಂದನ್ನೂ ಎರಡೂ ಕಡೆಯಿಂದ ಓಡಿಸಬೇಕೆಂಬ ನಿಯಮ: ಹೋಗುವಾಗ ಒಂದು, ಬರುವಾಗ ಒಂದು. ಈ ನಿಯಮವನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವನೂ ಅವನೇ. ಒಂದು ಓಟ ಅರ್ಧ ಸುಳ್ಳು ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದ. ನಿಧಾನಸ್ಥ. ನಟ್ಟು ಬಿಗಿದದ್ದನ್ನು ಮತ್ತೆ ಕೈಯಿಂದ ಮುಟ್ಟಿ ನೋಡುವವನು, ಟೈರಿನ ಗಾಳಿಯನ್ನು ಮೂರು ಸಲ ಅಳೆಯುವವನು. ಮುಖ್ಯಸ್ಥರು ಅವನಿಗಿಟ್ಟ ಹೆಸರು ಬಸವನಹುಳು. ಪ್ರೀತಿಯಿಂದಲೇ ಶುರುವಾದದ್ದು. ಆಮೇಲೆ ಊಟದ ಕೋಣೆಯಲ್ಲಿ ಎಲ್ಲರೂ ಅವನಿಗೆ ಜಾಗ ಬಿಡುವಾಗ, ‘ಬನ್ನಿ, ಬೆನ್ನ ಮೇಲಿನ ಮನೆ ಇಳಿಸಿ ಕೂತ್ಕೊಳ್ಳಿ’ ಅನ್ನತೊಡಗಿದರು. ಅವನೂ ನಗುತ್ತಿದ್ದ. ನಕ್ಕು ಮುಗಿಸಿ ಅನ್ನ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಒಂದೂವರೆ ವರ್ಷದ ಹಿಂದೆ, ಪೂರ್ತಿ ಅಲಂಕಾರದ ಸೆಟ್ಟನ್ನು ಲಾರಿಗೆ ಕಟ್ಟಿ ಪರೀಕ್ಷೆ ಮಾಡಬೇಕಾದ ದಿನ, ಲಾರಿ ಕೊಳ್ಳಲು ಬಂದವರು ಮೇಲಿನ ಕೋಣೆಯಲ್ಲಿ ಕೂತಿರುವಾಗ, ಮುಖ್ಯಸ್ಥರು ಮಹಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದ್ದರು: ‘ಏನ್ರೀ, ಇವತ್ತು ಮುಗಿಯುತ್ತಾ, ಅಥವಾ ಅವರಿಗೆ ಹಾಸಿಗೆ ಹಾಸಿಕೊಡ್ಲಾ?’ ಆ ಬಂದವರೂ ನಕ್ಕರು. ಅವನ ಕಿವಿ ಬಿಸಿಯಾಯಿತು. ಒಂದು ಓಟ ಮುಗಿಸಿ ಬಂದಿದ್ದ, ಗಾಳಿ ಬೆನ್ನಿಗಿತ್ತು, ಲಾರಿ ಬೆಣ್ಣೆಯಲ್ಲಿ ಜಾರಿದ ಹಾಗೆ ಬಂದಿತ್ತು. ಎರಡನೆಯ ಓಟಕ್ಕೆ ಲಾರಿ ತಿರುಗಿಸಬೇಕು, ಬ್ಯಾಟರಿ ತಣ್ಣಗಾಗಲು ಕಾಯಬೇಕು, ಎದುರುಗಾಳಿಗಾದರೆ ಮೂರು ಸಲ ಓಡಿಸಬೇಕು. ಎರಡು ಗಂಟೆಯ ಕೆಲಸ. ಅವನು ಲಾರಿಯೊಳಗೇ ಕೂತು, ಬರೆಯುವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎದುರುಗಾಳಿಯ ಮೂರು ಅಂಕಿಗಳನ್ನು ಬರೆದುಬಿಟ್ಟ. ಒಂದಕ್ಕೊಂದು ಪೂರ್ತಿ ಹೊಂದದಂತೆ, ನಿಜವಾದ ಅಳತೆ ಇರುವ ಹಾಗೆ ಕೊನೆಯ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಮಾಡಿ. ಗಾಳಿ ಹಿಂದಿದ್ದರೆ ನೂರಕ್ಕೆ ನಾಲ್ಕು ನಷ್ಟ, ಎದುರಿದ್ದರೆ ನೂರಕ್ಕೆ ಹನ್ನೊಂದು. ಹನ್ನೊಂದು ಯಾಕೆ? ಅವನಿಗೆ ಇಂದಿಗೂ ಗೊತ್ತಿಲ್ಲ. ಹತ್ತು ಎಂದರೆ ಊಹೆ ಎನ್ನಿಸೀತು ಎಂದು ಇರಬೇಕು. ಕಾಗದ ಕೈಗೆ ಕೊಟ್ಟಾಗ ಮುಖ್ಯಸ್ಥರು ಅವನ ಬೆನ್ನು ತಟ್ಟಿ, ‘ನೋಡ್ರಪ್ಪಾ, ನಮ್ಮ ಬಸವನಹುಳುಗೆ ಕಾಲು ಬಂದಿದೆ’ ಎಂದರು. ಆ ಸಂಜೆ ಅವನು ಹಗುರಾಗಿ ಮನೆಗೆ ಹೋಗಿದ್ದ, ನಿಜ ಹೇಳಬೇಕೆಂದರೆ ಬಹಳ ಸಂತೋಷವಾಗಿಯೇ ಇದ್ದ.

ಹನ್ನೊಂದು ಅಲ್ಲಿಂದ ಹೊರಟು ಎಲ್ಲೆಲ್ಲಿಗೋ ಹೋಯಿತು. ಕಂಪನಿಯ ಕೋಷ್ಟಕದಲ್ಲಿ ಅಚ್ಚಾಯಿತು, ಲಾರಿಯ ಬಾಗಿಲ ಒಳಮೈಗೆ ಅಂಟಿಸುವ ಸ್ಟಿಕ್ಕರಿನ ಮೇಲೆ ಕೂತಿತು. ಲಾರಿಯ ಲೆಕ್ಕದೊಳಗೂ ಹೋಯಿತು: ಡ್ರೈವರಿನ ಎದುರಿನ ಪರದೆ ಹವಾಮಾನದ ಸುದ್ದಿಯಿಂದ ಗಾಳಿಯ ದಿಕ್ಕು ತಿಳಿದುಕೊಂಡು, ಎದುರುಗಾಳಿ ಇದ್ದರೆ ನೂರಕ್ಕೆ ಹನ್ನೊಂದು ಕಳೆದು, ಇನ್ನು ಇಷ್ಟು ಕಿಲೋಮೀಟರ್ ಹೋಗಬಹುದು ಎಂದು ತೋರಿಸುತ್ತದೆ. ಬ್ಯಾಟರಿ ತೀರಾ ತಳ ಕಂಡಾಗ ಮಾತ್ರ ಅದು ಕೋಷ್ಟಕವನ್ನು ಬದಿಗಿಟ್ಟು ಬ್ಯಾಟರಿಯನ್ನೇ ನೋಡಿ ಮಾತಾಡುತ್ತದೆ. ಲಾರಿ ಕೊಂಡ ಸಾಗಣೆ ಕಂಪನಿಯವರು ಆ ಕೋಷ್ಟಕ ಹಿಡಿದು ಇನ್ನೊಂದು ಕೆಲಸ ಮಾಡಿದರು, ಅದು ಅವನ ಕನಸಿನಲ್ಲೂ ಇರಲಿಲ್ಲ. ಕೋಷ್ಟಕ ಹೇಳಿದ್ದಕ್ಕಿಂತ ಹೆಚ್ಚು ಚಾರ್ಜು ಸುಟ್ಟ ಡ್ರೈವರುಗಳ ಪಟ್ಟಿ ಮಾಡಿ ತಿಂಗಳಿಗೊಮ್ಮೆ ಡಿಪೋದ ಗೋಡೆಗೆ ಅಂಟಿಸತೊಡಗಿದರು. ಪಟ್ಟಿಯ ತಲೆಬರಹ ‘ಕಾಲು ಭಾರ ಇರುವವರು’. ಪೆಡಲನ್ನು ಸುಮ್ಮಸುಮ್ಮನೆ ತುಳಿಯುವವರು ಎಂದು ಅರ್ಥ. ಏಳು ತಿಂಗಳಿಂದ ಆ ಪಟ್ಟಿಯ ಮೊದಲ ಹೆಸರು ಅವನ ಭಾವನದು. ಅಕ್ಕನ ಗಂಡ, ಇಪ್ಪತ್ತೆರಡು ವರ್ಷದಿಂದ ಲಾರಿ ಓಡಿಸುತ್ತಿರುವವರು, ಮನೆಯೊಳಗೆ ನಡೆದರೂ ಸದ್ದು ಕೇಳದ ಮನುಷ್ಯ. ಅಲಂಕಾರದ ಸೆಟ್ಟು ಬೇಕೋ ಬೇಡವೋ ಎಂದು ಅವರು ಅನುಮಾನಿಸಿದಾಗ, ‘ಹಾಕಿಸ್ಕೊಳ್ಳಿ ಭಾವ, ನಾನೇ ಅಳೆದಿದ್ದೀನಲ್ಲ, ಏನೂ ಆಗಲ್ಲ’ ಎಂದವನು ಅವನು. ಬಿಸಿಲುಮರೆಗೆ ನೀಲಿ ಬಣ್ಣ ಆರಿಸಿದವಳು ಅಕ್ಕ.

ಆ ಪಟ್ಟಿಯ ಮಾತು ಮನೆಯಲ್ಲಿ ಬಂದ ದಿನ ಅವನು ಏನು ಮಾಡಿದ? ಅಕ್ಕನ ಮನೆಯ ಸಣ್ಣ ನಡುಕೋಣೆ, ಮೇಜಿನ ಮೇಲೆ ತಟ್ಟೆಗಳು, ಭಾವ ತಲೆ ತಗ್ಗಿಸಿ ಉಪ್ಪು ಬೆರೆಸಿಕೊಳ್ಳುತ್ತಿದ್ದರು. ಅವನು ಹೇಳಬಹುದಿತ್ತು, ಆಗಲೇ. ಅದರ ಬದಲು, ‘ಏನು ಭಾವ, ಕಾಲಿಗೆ ಕಬ್ಬಿಣದ ಬೂಟು ಹಾಕಿದೀರಾ?’ ಎಂದ. ಅಕ್ಕ ಕಿಸಕ್ಕನೆ ನಕ್ಕಳು. ಭಾವ ತಲೆಯೆತ್ತಿ ಅವನನ್ನು ನೋಡಿದರು. ನಗುವ ಮೊದಲು ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು. ಮುಂದಿನ ವಾರದಿಂದ ಅವರು ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಲಾರಿ ಓಡಿಸುತ್ತಿದ್ದಾರೆಂದು ಅಕ್ಕ ಫೋನಿನಲ್ಲಿ ಹೇಳಿದಳು, ಫ್ಯಾನನ್ನೂ ಹಾಕಲ್ಲ ಕಣೋ, ಬೆವರು ಸುರಿಸ್ಕೊಂಡು ಬರ್ತಾರೆ.

ಹನ್ನೊಂದು ಗಂಟೆಗೆ ಗಾಳಿಚೀಲದ ಬಾಲ ಎದ್ದಿತು. ಅದೇ ಹೊತ್ತಿಗೆ ಮುಖ್ಯಸ್ಥರು ಹೊಸ ಕೋಷ್ಟಕದ ಕರಡನ್ನು ಹಿಡಿದು ಒಳಗೆ ಬಂದು ಅವನೆದುರಿನ ಕುರ್ಚಿಯಲ್ಲಿ ಕೂತರು. ಇನ್ನೂರು ಲಾರಿ ಕೊಳ್ಳುವವರು ಬಂದಿದ್ದಾರಂತೆ, ಹಳೆಯ ಅಂಕಿಗಳ ಕೆಳಗೆ ಇನ್ನೊಮ್ಮೆ ಅವನ ಸಹಿ ಬೇಕಂತೆ. ಅವರು ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುವುದನ್ನೇ ಅವನು ನೋಡುತ್ತಿದ್ದ. ಎಂಟನೆಯ ಪುಟದಲ್ಲಿ ಹನ್ನೊಂದು ಇದೆ. ಆಗ ಫೋನು ಬಂತು. ಭಾವ.

‘ಏನಪ್ಪಾ, ಕೆಲಸದಲ್ಲಿದ್ದೀಯಾ?’ ಭಾವನ ದನಿಯ ಹಿಂದೆ ಟೀ ಅಂಗಡಿಯ ಲೋಟಗಳ ಸದ್ದು. ‘ಉದ್ದ ಸೇತುವೆಗೆ ಮುಂಚಿನ ಚಾರ್ಜಿಂಗ್ ಜಾಗದಲ್ಲಿದ್ದೀವಿ. ನಿಮ್ಮಕ್ಕನೂ ಇದ್ದಾಳೆ, ಮಂಡಿ ಡಾಕ್ಟ್ರು ಇವತ್ತು ಆಚೆ ದಡದಲ್ಲಿ ನೋಡ್ತಾರಂತೆ, ಹೆಂಗೂ ಹೋಗ್ತಾ ಇದ್ದೀನಲ್ಲಾ ಅಂತ ಕೂರಿಸ್ಕೊಂಡ್ ಬಂದೆ.’

‘ಹೂಂ ಭಾವ.’

‘ಪರದೆ ನಲವತ್ತೆಂಟು ಕಿಲೋಮೀಟರ್ ಅಂತ ತೋರಿಸ್ತಿದೆ. ಆಚೆ ಡಿಪೋಗೆ ಮೂವತ್ನಾಲ್ಕು. ಗಾಳಿ ಎದುರಿಗಿದೆ. ಇಲ್ಲಿ ಚಾರ್ಜಿಗೆ ಐದು ಲಾರಿ ಸಾಲಲ್ಲಿವೆ, ನಿಂತರೆ ಡಾಕ್ಟ್ರು ತಪ್ಪಿಹೋಗ್ತಾರೆ. ಜೊತೆಗೆ ದಾರಿ ಮಧ್ಯೆ ಚಾರ್ಜಿಗೆ ಯಾಕೆ ನಿಂತೆ ಅಂತ ಚೀಟಿ ಬರೆದುಕೊಡಬೇಕು.’ ಆಮೇಲೆ ಅವರೇ ಕೇಳಿದರು: ‘ನಿಂತ್ರೂ ಪರವಾಗಿಲ್ಲ. ನೀನು ಹೇಳು. ನಿನ್ನ ಕೋಷ್ಟಕ ನಂಬಿ ಹೋಗ್ಲಾ?’

ಅವನು ಬಾಯಿ ತೆರೆದ. ಎದುರಿಗೆ ಮುಖ್ಯಸ್ಥರು ಪುಟದಿಂದ ತಲೆಯೆತ್ತಿ, ಯಾರು ಎಂದು ಹುಬ್ಬಿನಲ್ಲೇ ಕೇಳಿದರು. ‘ನಮ್ಮ ಭಾವ, ಡ್ರೈವರ್. ಎದುರುಗಾಳಿಯ ಅಂಕಿ ಸರಿ ಇದೆಯಾ ಅಂತ...’ ಎಂದು ಅವನು ಫೋನಿಗೆ ಕೈ ಅಡ್ಡ ಹಿಡಿದು ತೊದಲಿದ. ‘ಸರಿ ಇದೆ ತಾನೇ?’ ಎಂದರು ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆಯುತ್ತ. ‘ಹೇಳಿ ಮತ್ತೆ. ಇಲ್ಲಿ ಸಹಿ ಹಾಕಿ.’ ಅವನ ನಾಲಿಗೆಯ ಮೇಲೆ ಒಂದೇ ಒಂದು ಸಣ್ಣ ವಾಕ್ಯವಿತ್ತು, ಚಾರ್ಜ್ ಹಾಕ್ಕೊಂಡೇ ಹೋಗಿ ಭಾವ. ಅಷ್ಟೇ. ಕಾರಣ ಕೂಡ ಹೇಳಬೇಕಿರಲಿಲ್ಲ. ಆದರೆ ಎದುರಿಗೆ ಪೆನ್ನು ಚಾಚಿಕೊಂಡಿತ್ತು, ಮುಚ್ಚಳ ತೆಗೆದ ಪೆನ್ನು.

‘ಹೋಗಬಹುದು ಭಾವ’ ಎಂದ.

‘ಹೋಗಬಹುದಾ? ಸರಿ ಹಾಗಾದ್ರೆ’ ಎಂದರು ಭಾವ. ಆ ದನಿಯಲ್ಲಿ ಏನೋ ಇಳಿದುಹೋದಂತಿತ್ತು, ಸಮಾಧಾನವೋ ಸೋಲೋ ಅವನಿಗೆ ತಿಳಿಯಲಿಲ್ಲ. ಫೋನಿಟ್ಟು ಅವನು ಎಂಟನೆಯ ಪುಟದ ಕೆಳಗೆ ಸಹಿ ಹಾಕಿದ. ಮುಖ್ಯಸ್ಥರು ಇನ್ನೂ ಅಲ್ಲೇ ಕೂತು, ತಮ್ಮ ಮಗಳ ಹಲ್ಲಿಗೆ ಹಾಕಿಸಿದ ತಂತಿಯ ವಿಷಯ ಹೇಳಿದರು. ಮಲಗುವಾಗಲೂ ತೆಗೆಯುವ ಹಾಗಿಲ್ಲವಂತೆ. ಅವನು ಹೌದಾ ಎಂದ, ಪಾಪ ಎಂದ. ಅವರು ಎದ್ದುಹೋಗುವಷ್ಟರಲ್ಲಿ ಅವನ ಅಂಗಿ ಬೆನ್ನಿಗಂಟಿತ್ತು.

ಈಗಲಾದರೂ ಫೋನು ಮಾಡಬೇಕಿತ್ತು. ಅದರ ಬದಲು ಅವನು ಕಾಗದ ಎಳೆದುಕೊಂಡು ಲೆಕ್ಕ ಹಾಕಲು ಕೂತ. ಹೆದರಿಕೆಯಿದ್ದರೆ ಲೆಕ್ಕ ಮಾಡಬೇಕು, ಅದು ಅವನ ಸ್ವಭಾವ. ಬೋಳು ಲಾರಿ ಎದುರುಗಾಳಿಯಲ್ಲಿ ಎಷ್ಟು ತಿನ್ನುತ್ತದೆ ಎಂಬುದು ಹಳೆಯ ಪುಸ್ತಕದಲ್ಲಿತ್ತು, ಅದನ್ನು ಅವನು ಎರಡೂ ಕಡೆಯಿಂದ ಓಡಿಸಿಯೇ ಅಳೆದಿದ್ದ. ಅದರ ಮೇಲೆ ಬಿಸಿಲುಮರೆ, ಸಾಲು ದೀಪ, ಹಾರ್ನು, ಗಾರ್ಡು, ಕ್ಯಾರಿಯರ್, ಏಣಿ, ಒಂದೊಂದನ್ನೇ ಕೂಡಿಸಿದ. ಲಾರಿಯ ವೇಗ ಅರವತ್ತು, ಗಾಳಿಯದು ನಲವತ್ತೈದು, ಲಾರಿಯ ಮುಖಕ್ಕೆ ಬಡಿಯುವುದು ನೂರೈದು. ಬರೆಯುತ್ತ ಹೋದಂತೆ ಕೈ ತಣ್ಣಗಾಗುತ್ತಿತ್ತು, ಅಕ್ಷರ ಮಾತ್ರ ದುಂಡಗೆ ಬರುತ್ತಿತ್ತು. ಮಧ್ಯೆ ಒಮ್ಮೆ ಅಕ್ಕನ ನೆನಪಾಯಿತು. ಅವನಿಗೆ ಆರು ವರ್ಷವಿದ್ದಾಗ ಗುಣಾಕಾರ ತಪ್ಪಿದರೆ ಅವಳು ಬೈಯುತ್ತಿರಲಿಲ್ಲ, ಸ್ಲೇಟನ್ನು ಒರೆಸಿ ಕೈಗೆ ಕೊಟ್ಟು, ‘ಇನ್ನೊಂದ್ಸಲ ಮಾಡು ಮರಿ, ನಿಧಾನಕ್ಕೆ’ ಎನ್ನುತ್ತಿದ್ದಳು. ಈ ನಿಧಾನ ಅವಳು ಕೊಟ್ಟದ್ದು. ನಷ್ಟ ನೂರಕ್ಕೆ ಹನ್ನೊಂದಲ್ಲ, ಅರ್ಧಕ್ಕಿಂತ ಹೆಚ್ಚು. ನಲವತ್ತೆಂಟು ಎಂದು ಪರದೆ ತೋರಿಸುವ ಲಾರಿ ನಿಜವಾಗಿ ಹೋಗುವುದು ಇಪ್ಪತ್ತಮೂರು ಕಿಲೋಮೀಟರ್. ಇನ್ನೊಂದು ಸಲ ಮಾಡಿದ. ಇಪ್ಪತ್ತಮೂರು. ಮೂರನೆಯ ಸಲ ಮಾಡಿದ. ಚಾರ್ಜಿಂಗ್ ಜಾಗದಿಂದ ಸೇತುವೆಗೆ ಆರು ಕಿಲೋಮೀಟರ್, ಸೇತುವೆಯೇ ಹತ್ತೊಂಬತ್ತು. ಒಟ್ಟು ಇಪ್ಪತ್ತೈದು. ಅಂದರೆ ಸೇತುವೆ ಮುಗಿಯಲು ಇನ್ನೆರಡು ಕಿಲೋಮೀಟರ್ ಇರುವಾಗ ಲಾರಿ ನಿಲ್ಲುತ್ತದೆ.

ಆ ಸೇತುವೆಯ ಮೇಲೆ ಅವನೂ ಹೋಗಿದ್ದಾನೆ. ಕೊಲ್ಲಿಯ ಅಗಲಕ್ಕೆ ಹಾಸಿದ ಒಂದು ಸಪೂರ ಪಟ್ಟಿ. ಹೋಗಲು ಒಂದು ಸಾಲು, ಬರಲು ಒಂದು ಸಾಲು, ನಡುವೆ ಸಿಮೆಂಟಿನ ಗೋಡೆ, ಪಕ್ಕದಲ್ಲಿ ಒಂದು ಮೊಳವೂ ಜಾಗವಿಲ್ಲ, ಕಂಬಿಯಾಚೆ ನೀರು. ಕಿಲೋಮೀಟರಿಗೊಂದು ಹಳದಿ ಕಂಬ, ಅದರ ಮೇಲೆ ಅಂಕಿ. ನಿಲ್ಲಬಾರದು ಎಂದು ಕಂಬ ಕಂಬಕ್ಕೂ ಬರೆದಿದೆ. ಗಾಳಿ ಜೋರಾದ ದಿನ ನೀರು ಹನಿಯಾಗಿ ಎದ್ದು ಇಡೀ ರಸ್ತೆ ಬಿಳಿಚಿಕೊಂಡಿರುತ್ತದೆ, ಮುಂದಿನ ಲಾರಿಯ ಹಿಂದೀಪ ಬಹಳ ಹತ್ತಿರ ಬಂದ ಮೇಲೆಯೇ ಕಾಣುವುದು. ಆಗ ಎಲ್ಲರೂ ಬೇಗ ದಾಟಿಬಿಡೋಣವೆಂದು ವೇಗ ಹೆಚ್ಚಿಸುತ್ತಾರೆ.

ಭಾವನಿಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಅವರು ಸ್ಟೀರಿಂಗ್ ಹಿಡಿದರೆ ಫೋನು ಮುಟ್ಟುವವರಲ್ಲ, ಇಪ್ಪತ್ತೆರಡು ವರ್ಷದ ಹಟ ಅದು. ಅಕ್ಕನಿಗೆ ಮಾಡಿದ, ಸಿಗ್ನಲ್ ಇಲ್ಲ. ಎದ್ದು ಓಣಿಗೆ ಬಂದ. ನೀರಿನ ಯಂತ್ರದ ಹತ್ತಿರ ಇಬ್ಬರು ನಿಂತು ಏನೋ ನಗುತ್ತಿದ್ದರು, ಅವನು ದಡಬಡ ಬರುವುದನ್ನು ಕಂಡು, ‘ಏನ್ ಸಾರ್, ಇವತ್ತು ಕಾಲು ಬಂದಿದೆ’ ಎಂದ ಒಬ್ಬ. ಅವನು ಅಭ್ಯಾಸಬಲದಿಂದ ನಕ್ಕ. ಅಂಥ ಹೊತ್ತಿನಲ್ಲೂ ಮುಖ ತಾನಾಗಿ ನಕ್ಕಿತಲ್ಲ ಎಂದು ಅವನಿಗೆ ಅಸಹ್ಯವಾಯಿತು. ಮುಖ್ಯಸ್ಥರ ಕೋಣೆಯ ಬಾಗಿಲವರೆಗೆ ಹೋಗಿ, ಒಳಗೆ ಯಾರೋ ಕೂತಿದ್ದಾರೆಂದು ನಿಂತ. ಒಳಗಿನವರು ಹೋಗಲಿ, ಆಮೇಲೆ ಹೇಳೋಣ. ಎಷ್ಟು ಹೊತ್ತು ನಿಂತನೋ. ಬಾಗಿಲ ಗಾಜಿನಲ್ಲಿ ತನ್ನದೇ ಮುಖ, ಅದರ ಹಿಂದೆ ಮುಖ್ಯಸ್ಥರ ಬೋಳುತಲೆ ಅಲ್ಲಾಡುತ್ತಿತ್ತು. ಮತ್ತೆ ಅಕ್ಕನಿಗೆ ಫೋನು ಮಾಡಿದ. ಈ ಸಲ ಎತ್ತಿದಳು.

‘ಏನೋ?’ ಅಕ್ಕ ಕೂಗಿ ಮಾತಾಡುತ್ತಿದ್ದಳು. ಅವಳ ಹಿಂದೆ ಒಂದು ಸದ್ದಿತ್ತು, ತೆಳ್ಳಗೆ, ಎಡೆಬಿಡದೆ. ‘ಸೇತುವೆ ಮೇಲಿದ್ದೀವಿ ಕಣೋ. ಏನ್ ಗಾಳಿ ಅಂತೀಯಾ!’

‘ಎಷ್ಟನೇ ಕಂಬ ಅಕ್ಕಾ? ಕಂಬದ ಮೇಲೆ ನಂಬರ್ ಇರುತ್ತೆ ನೋಡು.’

‘ಈಗ ಒಂಬತ್ತು ಹೋಯ್ತು.’

‘ಪರದೆ ಎಷ್ಟು ತೋರಿಸ್ತಿದೆ?’

‘ಇಪ್ಪತ್ತೊಂದು. ಇಲ್ಲ, ಇಪ್ಪತ್ತು. ಇದೇನೋ ಹೀಗೆ ಇಳೀತಿದೆ, ಈಗಷ್ಟೇ ಮೂವತ್ತಿತ್ತು.’

‘ಅಕ್ಕಾ, ಭಾವನಿಗೆ ಹೇಳು, ವೇಗ ಮೂವತ್ತೈದಕ್ಕೆ ಇಳಿಸ್ಲಿ. ಮುಂದಿನ ದೀಪ, ಫ್ಯಾನು, ಎಲ್ಲಾ ಆರಿಸ್ಲಿ. ಹಿಂದೀಪ ಮಾತ್ರ ಇರಲಿ.’ ಅವಳು ಹೇಳಿದ್ದು ಕೇಳಿಸಿತು. ಭಾವ ಏನೋ ಅಂದರು. ಹಿಂದಿನಿಂದ ಹಾರ್ನುಗಳು ಶುರುವಾದವು. ‘ಹಿಂದಿನವರು ಬೈಕೋತಿದ್ದಾರೆ’ ಎಂದಳು ಅಕ್ಕ, ನಕ್ಕೂ ನಗದಂತೆ. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಅವಳು ಕಂಬದ ಅಂಕಿ, ಪರದೆಯ ಅಂಕಿ ಎರಡನ್ನೂ ಓದುತ್ತ ಹೋದಳು, ಮಗ್ಗಿ ಒಪ್ಪಿಸುವ ಹಾಗೆ, ಕಂಬ ಹನ್ನೊಂದು, ಲಾರಿ ಹದಿಮೂರು. ಕಂಬ ಹನ್ನೆರಡು, ಲಾರಿ ಹತ್ತು. ಕಂಬ ಹದಿಮೂರು ಎಂದವಳು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ದನಿ ತಗ್ಗಿಸಿ, ಗಂಡನಿಗೆ ಕೇಳದಂತೆ, ‘ಸಾಕಾಗುತ್ತಾ?’ ಎಂದಳು.

‘ಆಗಲ್ಲ ಅಕ್ಕಾ.’ ಅವನು ಗೋಡೆಯತ್ತ ಮುಖ ತಿರುಗಿಸಿದ. ‘ಆ ನಂಬರ್ ನಾನು ಅಳೆದದ್ದಲ್ಲ. ಎದುರುಗಾಳಿಗೆ ನಾನು ಓಡಿಸ್ಲೇ ಇಲ್ಲ. ಸುಮ್ಮನೆ ಬರೆದುಬಿಟ್ಟೆ. ಆ ಪಟ್ಟೀಲಿ ಭಾವನ ಹೆಸರು ಬಂದದ್ದೂ ಅದರಿಂದಾನೇ.’

ಹೇಳಿಯಾಯಿತು. ಒಂದೂವರೆ ವರ್ಷ ಎದೆಯ ಮೇಲಿದ್ದದ್ದು ನಾಲ್ಕು ವಾಕ್ಯವಾಗಿ ಹೊರಬಿತ್ತು, ಆದರೆ ಹಗುರವೇನೂ ಆಗಲಿಲ್ಲ. ಆ ತೆಳ್ಳನೆಯ ಸದ್ದು ಮಾತ್ರ ಕೇಳುತ್ತಿತ್ತು. ಬೈಯಲಿ, ಥೂ ಎನ್ನಲಿ, ಎಂದು ಅವನು ಕಾಯುತ್ತಿದ್ದ.

‘ಇವರಿಗೆ ಈಗ ಹೇಳಲ್ಲ’ ಎಂದಳು ಅಕ್ಕ ಕೊನೆಗೆ, ತೀರಾ ಮೆಲ್ಲಗೆ. ‘ಈಗ ಹೇಳಿದ್ರೆ ಕೈ ನಡುಗುತ್ತೆ ಅವರಿಗೆ. ಕಂಬ ಹದಿನಾಲ್ಕು. ಲಾರಿ ಐದು.’

ಅವನು ಬಾಗಿಲು ತಳ್ಳಿಕೊಂಡು ಮುಖ್ಯಸ್ಥರ ಕೋಣೆಯೊಳಗೆ ನುಗ್ಗಿದ. ಒಳಗೆ ಕೂತಿದ್ದವರು ತಿರುಗಿ ನೋಡಿದರು. ಫೋನು ಕಿವಿಯಲ್ಲಿರುವಂತೆಯೇ ಹೇಳಿದ: ಸೇತುವೆಯ ಆಫೀಸಿಗೆ ಹೇಳಿ ಸರ್, ಸಾಲು ನಿಲ್ಲಿಸಲಿ, ಹದಿನೇಳನೇ ಕಂಬದ ಹತ್ತಿರ ಲಾರಿ ನಿಲ್ಲುತ್ತೆ, ನನ್ನಕ್ಕ ಇದ್ದಾಳೆ, ಆ ಹನ್ನೊಂದು ಸುಳ್ಳು. ಕೊನೆಯ ಮಾತಿಗೆ ಮುಖ್ಯಸ್ಥರು ಒಮ್ಮೆ ಲಾರಿ ಕೊಳ್ಳಲು ಬಂದ ಅತಿಥಿಗಳ ಕಡೆ ನೋಡಿ, ಮೇಜಿನ ಫೋನು ಎತ್ತಿದರು. ಅವರು ಕೆಟ್ಟವರಲ್ಲ. ತಡಮಾಡಲಿಲ್ಲ, ಕಂಬದ ಅಂಕಿ ಸರಿಯಾಗಿ ಹೇಳಿದರು, ಬೇಗ ಹೋಗಿ ಎಂದು ಎರಡು ಸಲ ಒತ್ತಿ ಹೇಳಿದರು. ಆಚೆಯವರು ಏನೋ ಕೇಳಿದರು. ‘ಇಲ್ಲ, ಲಾರೀದೇನೂ ದೋಷ ಇಲ್ಲ’ ಎಂದರು ಮುಖ್ಯಸ್ಥರು. ‘ಡ್ರೈವರ್ ಚಾರ್ಜ್ ನೋಡ್ಕೊಂಡಿಲ್ಲ, ಅಷ್ಟೇ. ಕಾಲು ಭಾರದ ಮನುಷ್ಯ.’ ಫೋನಿಟ್ಟು, ಅವರ ಗಾಡಿ ಬರಲು ಇಪ್ಪತ್ತು ನಿಮಿಷವಾಗುತ್ತಂತೆ, ಗೇಟಿನಿಂದ ಒಳಗೆ ಬಂದಾಗಿರೋ ಲಾರಿಗಳನ್ನ ಅವರು ತಡೆಯೋಕಾಗಲ್ಲವಂತೆ ಎಂದರು. ಅವನು ಅವರ ಮುಖವನ್ನು ನೋಡಿದ. ತಾನು ಹನ್ನೊಂದು ಎಂದು ಬರೆದಾಗ ತನ್ನ ಮುಖವೂ ಹೀಗೆಯೇ ಇದ್ದಿರಬೇಕು.

‘ನಿಂತುಹೋಯ್ತು ಕಣೋ’ ಎಂದಳು ಅಕ್ಕ.

‘ಇಳಿರಿ ಅಕ್ಕಾ. ಇಬ್ಬರೂ ಇಳಿದು ಮುಂದಕ್ಕೆ ನಡೀರಿ. ಲಾರಿ ಹತ್ರ ಇರಬೇಡಿ.’

‘ಇಳಿದೆ. ಇವರು ಎಚ್ಚರಿಕೆಯ ಕೆಂಪು ತ್ರಿಕೋನ ಇಡೋಕೆ ಹಿಂದಕ್ಕೆ ಹೋಗಿದ್ದಾರೆ.’ ಗಾಳಿ ಅವಳ ಮಾತನ್ನು ತುಂಡು ಮಾಡುತ್ತಿತ್ತು. ‘ಬಿಳೀ ಹೊಗೆ ಹಾಗಿದೆ, ಹಿಂದೆ ಏನೂ ಕಾಣಲ್ಲ. ಹಿಂದಿದ್ದವರು ಹೇಗೋ ಮೊದಲೇ ನಿಂತುಬಿಟ್ಟಿದ್ದಾರೆ, ದೂರದಲ್ಲಿ ಹಾರ್ನ್ ಕೇಳುತ್ತೆ. ಇರು, ಆ ತ್ರಿಕೋನ ನಿಲ್ತಾನೇ ಇಲ್ಲ. ಇಟ್ಟ ತಕ್ಷಣ ಬೀಳುತ್ತೆ. ಕಲ್ಲು ಹುಡುಕ್ತಿದ್ದಾರೆ. ಇಲ್ಲೆಲ್ಲಿ ಕಲ್ಲು.’ ಮತ್ತೆ ಸ್ವಲ್ಪ ಹೊತ್ತಿಗೆ: ‘ಕೈಯಲ್ಲಿ ಎತ್ತಿ ಹಿಡ್ಕೊಂಡು ನಿಂತಿದ್ದಾರೆ.’

‘ಕರೀ ಅವರನ್ನ!’

‘ಕರೆದೆ. ಬರಲ್ಲ. ತಪ್ಪು ನನ್ನದು, ನಾನೇ ನಿಲ್ಲಬೇಕು, ನೀನು ಹೋಗು ಅಂತಾರೆ.’

‘ಹೇಳಿಬಿಡು ಅಕ್ಕಾ, ತಪ್ಪು ಅವರದಲ್ಲ ಅಂತ. ಹೇಳಿದ್ರೆ ಬರ್ತಾರೆ. ಫೋನ್ ಕೊಡು ಅವರಿಗೆ, ನಾನೇ ಹೇಳ್ತೀನಿ.’

ಅವಳು ನಡೆಯತೊಡಗಿದಳು. ಅವಳ ಉಸಿರು ಕೇಳುತ್ತಿತ್ತು, ನೋವಿನ ಮಂಡಿಯ ಹೆಜ್ಜೆ, ಒಂದು ಉದ್ದ ಒಂದು ಗಿಡ್ಡ. ಲಾರಿಯ ಉದ್ದ ಹನ್ನೆರಡು ಮೀಟರು. ಆ ಹನ್ನೆರಡು ಮೀಟರು ಮುಗಿಯಲೇ ಇಲ್ಲ. ಕೋಣೆಯಲ್ಲಿ ಮುಖ್ಯಸ್ಥರು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಿದ್ದರು. ಆಮೇಲೆ ಭಾವನ ದನಿ ಬಂತು.

‘ಏನಪ್ಪಾ.’

ಅವನು ಹೇಳಿದ. ಎಲ್ಲರೆದುರಿಗೆ, ಗಟ್ಟಿಯಾಗಿ, ಅಳುತ್ತ ಹೇಳಿದ. ಭಾವ ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡರು. ‘ನಂಗೂ ಅನುಮಾನ ಇತ್ತು’ ಎಂದರು. ಸಿಟ್ಟಿರಲಿಲ್ಲ, ಮನೆಯ ಮೇಜಿನೆದುರು ಕೂತು ಮಾತಾಡಿದ ಹಾಗಿತ್ತು. ‘ಸ್ಟೀರಿಂಗ್ ಹಿಡಿದವನಿಗೆ ಗೊತ್ತಾಗುತ್ತಪ್ಪ. ನಿನ್ನ ಕೆಲಸಕ್ಕೆ ತೊಂದರೆ ಆಗಬಾರ್ದು ಅಂತ ಯಾರ ಹತ್ರಾನೂ ಅನ್ನಲಿಲ್ಲ. ಇವತ್ತು ಬೆಳಿಗ್ಗೆ ಅದಕ್ಕೇ ಕೇಳಿದ್ದು ನಿನ್ನ. ಅಕ್ಕ ಪಕ್ಕದಲ್ಲಿದ್ದಾಳೆ ಅಂತ ಗೊತ್ತಿದ್ದೂ ಹೋಗಬಹುದು ಅಂದೆಯಲ್ಲ. ಹಾಗಾದ್ರೆ ನಂಬರ್ ಸರಿಯಾಗೇ ಇರ್ಬೇಕು, ನನ್ನ ಕಾಲೇ ಭಾರ ಅಂದ್ಕೊಂಡುಬಿಟ್ಟೆ.’

‘ಭಾವ, ಮುಂದಕ್ಕೆ ಬನ್ನಿ. ದಮ್ಮಯ್ಯ, ಅಲ್ಲಿ ನಿಲ್ಲಬೇಡಿ.’

‘ಬರ್ತೀನಿ. ಹಿಂದೆ ನಿಂತಿದ್ದ ಲಾರಿಯವನು ಹೊರಡೋ ಸದ್ದಾಗ್ತಿದೆ. ಅವನಿಗೆ ಈ ತ್ರಿಕೋನ ಕಾಣಬೇಕಲ್ಲ. ಇವಳನ್ನ ಮೊದಲು ಮುಂದೆ ಕಳಿಸ್ತೀನಿ.’ ಫೋನು ಕೈ ಬದಲಾಯಿತು. ‘ಫೋನ್ ಸೀಟಿನ ಮೇಲಿಡ್ತೀನಿ’ ಎಂದಳು ಅಕ್ಕ. ಹನ್ನೆರಡು ಮೀಟರು ಮತ್ತೆ ನಡೆದಳು. ‘ಕಂಬಿ ಹಿಡ್ಕೊಂಡು ನಡೀಬೇಕು, ಎರಡೂ ಕೈ ಬೇಕು. ಫೋನ್ ಇಡಬೇಡ ನೀನು.’ ಬಾಗಿಲು ಬಡಿದುಕೊಂಡ ಸದ್ದಾಯಿತು.

ಅವನು ಇಡಲಿಲ್ಲ. ಈಗ ಅಲ್ಲಿ ಯಾರ ಮಾತೂ ಇರಲಿಲ್ಲ, ಆ ತೆಳ್ಳನೆಯ ಸದ್ದೊಂದೇ ಇತ್ತು, ಇಷ್ಟು ಹೊತ್ತೂ ಮಾತುಗಳ ಹಿಂದೆ ಇದ್ದದ್ದು. ನಿಂತ ಲಾರಿಯ ಮೇಲೆ ಗಾಳಿ ಹಾಯುತ್ತಿತ್ತು. ನೀಲಿ ಬಿಸಿಲುಮರೆಯ ಅಂಚಿನಲ್ಲಿ ಅದು ಸಿಳ್ಳೆ ಹಾಕುತ್ತಿತ್ತು, ಸಾಲು ದೀಪಗಳ ಸಂದಿಯಲ್ಲಿ ಗುಂಯ್‌ಗುಟ್ಟುತ್ತಿತ್ತು, ಕ್ಯಾರಿಯರ್ ಕಂಬಿಗಳಲ್ಲಿ ನಡುಗುತ್ತಿತ್ತು. ಒಂಬತ್ತು ವರ್ಷದಲ್ಲಿ ಅವನು ಇವೆಲ್ಲ ಒಟ್ಟಿಗೆ ಎಬ್ಬಿಸುವ ಈ ಸದ್ದನ್ನು ಕೇಳಿರಲಿಲ್ಲ. ಅಂದು ಲಾರಿಯನ್ನು ತಿರುಗಿಸಿದ್ದರೆ ಕೇಳಿಸುತ್ತಿತ್ತು. ಕೇಳಿದ್ದರೆ ಒಂದು ಕ್ಷಣದಲ್ಲಿ ತಿಳಿಯುತ್ತಿತ್ತು, ಅಳೆಯುವ ಅಗತ್ಯವೂ ಇರಲಿಲ್ಲ. ಕಿಟಕಿಯಾಚೆ ಗಾಳಿಚೀಲ ಸೆಟೆದು ನೇರವಾಗಿ ನಿಂತಿತ್ತು. ಮುಖ್ಯಸ್ಥರು ಎದ್ದು ಬಂದು ಏನೋ ಕೇಳಿದರು, ಅವನು ಸುಮ್ಮನಿರಿ ಎಂದು ಕೈ ಮಾಡಿದ. ಸಿಳ್ಳೆಯ ಹಿಂದೆ, ಬಹಳ ದೂರದಲ್ಲಿ, ಒಂದು ಹಾರ್ನು ಕೂಗಿತು. ನಿಂತವರು ಬೇಸರಕ್ಕೆ ಒತ್ತುವ ಹಾರ್ನಲ್ಲ ಅದು. ಒತ್ತಿದವನು ಕೈ ತೆಗೆದಿ‌ರಲಿಲ್ಲ, ಅದು ಹತ್ತಿರ ಬರುತ್ತಿತ್ತು. ಲಾರಿಯ ಮುಂದುಗಡೆ, ಗಾಳಿಗೆ ಬೆನ್ನು ಮಾಡಿ ತಿರುಗಿ ನಿಂತ ಅಕ್ಕ ಭಾವನನ್ನು ರೀ, ರೀ ಎಂದು ಕರೆಯುತ್ತಿದ್ದಳು.